ತಂತಿಗೆ ನೂರು, ಗಾಳಿಗೆ ಆರುನೂರು

ನಮ್ಮ ಮನೆಗೆ ಲ್ಯಾಪ್‌ಟಾಪು ಬಂದದ್ದು ಅವ್ವನ ಕಣ್ಣಿನ ಸಲುವಾಗಿ. ಅವಳು ಓದು ಬರಹ ಬಲ್ಲವಳಲ್ಲ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದ ಮೇಲೆ ದಡಿಯ ಹೂವಿಗೆ ಯಾವ ಎಳೆ ಎತ್ತಬೇಕೆಂಬುದು ಅವಳಿಗೆ ಕಾಣದಾಯಿತು. ಆಗ ಸೀರೆ ವ್ಯಾಪಾರಿಯೊಬ್ಬರ ಕಡೆಯಿಂದ ಹಳೆಯದೊಂದು ಇಲೆಕ್ಟ್ರಾನಿಕ್ ಪೆಟ್ಟಿಗೆ ತಂದು ಮಗ್ಗದ ಮೇಲೆ ಕೂರಿಸಿದೆವು. ಹೂವಿನ ಚಿತ್ರ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು. ಅಲ್ಲಿಂದ ಒಂದು ನೀಲಿ ವೈರು ಪೆಟ್ಟಿಗೆಗೆ ಹೋಗುತ್ತಿತ್ತು. ಎತ್ತಬೇಕಾದ ಎಳೆಯನ್ನು ಪೆಟ್ಟಿಗೆಯೇ ಎತ್ತುತ್ತಿತ್ತು, ಅವ್ವ ಕಾಲಡಿಯ ಹಲಗೆ ಒತ್ತಿ ಲಾಳಿ ಹೊಡೆದರೆ ಸಾಕಿತ್ತು. ಹರಿದ ಎಳೆಗೆ ಗಂಟು ಹಾಕಲು ನಾನಿದ್ದೆ.

ನಾನು ಅಂದರೆ, ನರಗುಂದದ ಗಂಡನ ಮನೆಯನ್ನು ಎರಡೇ ವರ್ಷಕ್ಕೆ ಬಿಟ್ಟು ಬಂದವಳು. ಯಾಕೆ ಬಂದಳು ಎಂದು ಕೇಳಿದವರಿಗೆ ಅವ್ವ, ‘ಆಕಿಗೆ ಮೂಗಿನ ತುದಿಮ್ಯಾಲ ಸಿಟ್ಟೈತ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅದು ಸುಳ್ಳಲ್ಲ. ಆಮೇಲೆ ಕೆಲವು ವರ್ಷ ರೋಣದಲ್ಲಿ ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದೆ. ಲ್ಯಾಪ್‌ಟಾಪು ಆ ಅಂಗಡಿಯದೇ. ಹಳೆಯದು, ಆದರೆ ಪರದೆ ದೊಡ್ಡದು. ಬೇರೆ ಏನು ಹಾಕಿದರೂ ಉಬ್ಬಸದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತೆಂದು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಓಣಿಯಲ್ಲಿ ಕಂಪ್ಯೂಟರ್ ಬಲ್ಲವಳೆಂದು ನನಗೊಂದು ಹೆಸರಿತ್ತು. ಆ ಹೆಸರನ್ನು ನಾನೂ ನಂಬಿದ್ದೆ. ಮುಂದಿನದಕ್ಕೆಲ್ಲ ಅದೇ ಮೂಲ.

ಇನ್ನು ನನ್ನ ತಮ್ಮ. ನನಗಿಂತ ಹನ್ನೆರಡು ವರ್ಷಕ್ಕೆ ಸಣ್ಣವನು, ಹುಟ್ಟುಕಿವುಡ. ಮಾತು ಬರುವುದಿಲ್ಲ, ಗಂಟಲಿನಿಂದ ಒಂದು ದನಿ ಮಾತ್ರ ಬರುತ್ತದೆ. ಗೋವಾದಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ. ಆ ಯಂತ್ರದ ಗದ್ದಲಕ್ಕೆ ಮಿಕ್ಕವರೆಲ್ಲ ಕಿವಿಗೆ ಬಟ್ಟೆ ಸುತ್ತಿಕೊಳ್ಳುತ್ತಾರಂತೆ, ಇವನಿಗೆ ಆ ಖರ್ಚೂ ಇಲ್ಲ. ಹೀಗೆಂದು ನಾನು ಚಾಷ್ಟಿ ಮಾಡಿದರೆ ಅವ್ವ ಮುಖ ತಿರುಗಿಸುತ್ತಿದ್ದಳು.

ಸಣ್ಣವನಿದ್ದಾಗ ಅವನ ಜಾಗ ಮಗ್ಗದ ಕುಣಿಯ ಅಂಚು. ಅಲ್ಲಿ ನೆಲಕ್ಕೆ ಅಂಗೈ ಊರಿ ಕೂತರೆ ಅವ್ವ ನೇಯುವ ಬಡಿತ ಅವನ ಕೈಗೆ ತಿಳಿಯುತ್ತಿತ್ತು. ಬಡಿತ ನಿಂತರೆ ತಟ್ಟನೆ ತಲೆ ಎತ್ತಿ ಅವಳ ಮುಖ ನೋಡುತ್ತಿದ್ದ. ಅವರಿಬ್ಬರ ಕೈಮಾತು ಹುಟ್ಟಿದ್ದು ಅಲ್ಲಿಯೇ. ಅದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಆ ಕೈಯಿಂದ ಈ ಕೈಗೆ ಲಾಳಿ ಹೊಡೆದಂತೆ ಮಾಡಿದರೆ ಅವ್ವ. ಮೀಸೆ ತಿರುವಿದರೆ ತೀರಿಹೋದ ಅಪ್ಪ. ಹುಬ್ಬು ಗಂಟಿಕ್ಕಿದರೆ ನಾನು. ಒಂದು ಕೈ ನೆಟ್ಟಗೆ ಹಿಡಿದು ಅದರ ತುದಿಗೆ ಇನ್ನೊಂದು ಕೈಯ ಬೆರಳು ತಿರುಗಿಸಿದರೆ, ಗುಡ್ಡದ ಮೇಲಿನ ಗಾಳಿಯಂತ್ರ, ಅಂದರೆ ನಮ್ಮ ಊರು. ಅವರು ಆ ಭಾಷೆಯಲ್ಲಿ ತಾಸುಗಟ್ಟಲೆ ಹರಟುತ್ತಿದ್ದರು. ನನಗೆ ಅದರಲ್ಲಿ ಅರ್ಧವೂ ಬರುತ್ತಿರಲಿಲ್ಲ. ಅವ್ವ ಇದ್ದಾಳಲ್ಲ ಹೇಳಲು ಎಂದು ಕಲಿಯಲೂ ಇಲ್ಲ.

ಅವನು ಗೋವಾಕ್ಕೆ ಹೋದ ಮೇಲೆ ವಿಡಿಯೋ ಕರೆಯೊಂದೇ ಅವರಿಬ್ಬರಿಗೆ ದಾರಿಯಾಯಿತು. ಮೊಬೈಲಿನ ಅಂಗೈಯಗಲದ ಚಿತ್ರದಲ್ಲಿ ಅವ್ವನಿಗೆ ಅವನ ಬೆರಳು ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪಿನ ಪರದೆಗೆ ಗೇಣಿನ ಅಂತರದಲ್ಲಿ ಮುಖ ಇಟ್ಟರೆ ಮಬ್ಬಾಗಿ ಕಾಣುತ್ತಿದ್ದವು. ಮನೆಯಲ್ಲಿ ದೊಡ್ಡ ಪರದೆ ಎಂದರೆ ಅದೊಂದೇ. ಮಗ್ಗುಲ ಮನೆಯ ಕಾಕಿಯ ವೈಫೈ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು, ಪಾಸ್‌ವರ್ಡ್ ಅವರೇ ಕೊಟ್ಟಿದ್ದರು. ಎಲ್ಲವೂ ಇತ್ತು. ಆದರೆ ನೀಲಿ ವೈರು ಚುಚ್ಚಿದಾಗ ಮಗ್ಗ ನಡೆಯುತ್ತಿತ್ತು, ಇಂಟರ್‌ನೆಟ್ ಸಾಯುತ್ತಿತ್ತು. ವೈರು ಕಿತ್ತರೆ ತಮ್ಮ ಬರುತ್ತಿದ್ದ, ಮಗ್ಗ ನಿಲ್ಲುತ್ತಿತ್ತು. ಪೆಟ್ಟಿಗೆ ಹಳೆಯದಾದ್ದರಿಂದ ಅದಕ್ಕೆ ನೆನಪು ಇರಲಿಲ್ಲ, ಹೂವಿನ ಒಂದೊಂದು ಸಾಲನ್ನೂ ಲ್ಯಾಪ್‌ಟಾಪೇ ಉಣಿಸಬೇಕಿತ್ತು.

ಇದು ಯಾಕೆ ಹೀಗೆ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಲಿನಕ್ಸಿನಲ್ಲಿ ಹೊರಗೆ ಹೋಗುವ ಒಂದೊಂದು ದಾರಿಗೂ ಒಂದು ಅಂಕಿ ಇರುತ್ತದೆ. ನಮ್ಮದರಲ್ಲಿ ತಂತಿಗೆ ನೂರು, ಗಾಳಿಗೆ, ಅಂದರೆ ವೈಫೈಗೆ, ಆರುನೂರು. ಕಡಿಮೆ ಅಂಕಿಯ ದಾರಿಗೆ ಮೊದಲ ಮರ್ಯಾದೆ. ಪೆಟ್ಟಿಗೆ ಕೂರಿಸಿ ಹೋದವನು ಗೇಟ್‌ವೇ ಎನ್ನುವ ಖಾನೆಯಲ್ಲಿ ಪೆಟ್ಟಿಗೆಯ ವಿಳಾಸವನ್ನೇ ತುಂಬಿದ್ದ. ಹಾಗಾಗಿ ವೈರು ಚುಚ್ಚಿದ ಕೂಡಲೇ ಲ್ಯಾಪ್‌ಟಾಪು, ಲೋಕಕ್ಕೆ ಹೋಗುವ ಬಾಗಿಲು ಮಗ್ಗದ ಮೇಲೆಯೇ ಇದೆ ಎಂದು ನಂಬಿಬಿಡುತ್ತಿತ್ತು. ಗೋವಾಕ್ಕೆ ಹೋಗಬೇಕಾದ ಕರೆಯನ್ನೂ ಪೆಟ್ಟಿಗೆಗೇ ಕಳಿಸುತ್ತಿತ್ತು. ಎಳೆ ಎತ್ತುವುದು ಬಿಟ್ಟು ಆ ಪೆಟ್ಟಿಗೆಗೆ ಬೇರೇನು ಗೊತ್ತು? ಪರದೆಯ ಮೂಲೆಯಲ್ಲಿ ವೈಫೈ ಗುರುತು ಪೂರ್ತಿ ತುಂಬಿ ನಿಂತಿರುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಆಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಎರಡೂ ಕೂಡಿದರೆ ನೆಟ್ ಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ತಮ್ಮನಿಗೆ ರಜೆ ರವಿವಾರ. ನೇಕಾರರಿಗೆ ರಜೆ ಅಮಾವಾಸ್ಯೆ. ಎರಡೂ ಒಂದೇ ದಿನ ಬೀಳುವುದು ಯಾವಾಗಲೋ ಒಮ್ಮೆ. ಹಾಗಾಗಿ ರವಿವಾರ ಸಂಜೆ ಅವನು ನನ್ನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ‘ಹೂವ ಮುಗೀಲಿ ತಡಿ’ ಎನ್ನುತ್ತಿದ್ದಳು ಅವ್ವ. ಹೂವು ಮುಗಿದ ಮೇಲೆ ನಾನು ವೈರು ಕಿತ್ತು ಕರೆ ಹಚ್ಚುತ್ತಿದ್ದೆ. ಕಾಲು ತಾಸು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಮೇಲೆ ಮತ್ತೆ ವೈರು, ಮತ್ತೆ ಮಗ್ಗ.

ಒಂದು ಸಂಜೆ ಕರೆ ಮುಗಿದ ಮೇಲೆ ಅವ್ವ ಕೇಳಿದಳು: ‘ಮಗ್ಗಾನೂ ನಡೀಬೇಕು, ಅವನೂ ಅಲ್ಲೇ ಕುಂತಿರಬೇಕು. ಹಂಗ ಎರಡೂ ಕೂಡೇ ಆಗಂಗಿಲ್ಲೇನ?’

‘ಆಗಂಗಿಲ್ಲ.’

‘ಮಾತಾಡಾಕಲ್ಲಬೇ. ನಾ ನೇಯತಿರ್ತೀನಿ, ಅವ ನೋಡ್ತಿರ್ತಾನ. ಮೊದಲ ಕುಂದರತಿದ್ದನಲ್ಲ, ಹಂಗ.’

‘ಒಮ್ಮೆ ಹೇಳಿದರ ತಿಳಿಯೂದಿಲ್ಲೇನ ನಿನಗ? ಒಂದರ ಮ್ಯಾಲ ಇನ್ನೊಂದ ಬರಂಗಿಲ್ಲ. ಕಂಪ್ಯೂಟರ ಇರೂದ ಹಂಗ.’

ಕಂಪ್ಯೂಟರು ಇರುವುದು ಹಾಗಲ್ಲ, ನಾನು ಇದ್ದದ್ದು ಹಾಗೆ. ಸೆಟ್ಟಿಂಗು ತೆರೆದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ನೋಡಲಿಲ್ಲ. ಬಲ್ಲವಳು ಎನಿಸಿಕೊಂಡವಳಿಗೆ ತನಗೆ ಗೊತ್ತಿಲ್ಲ ಎಂಬುದನ್ನು ಹುಡುಕಲು ಹೋಗುವುದೇ ಅವಮಾನ. ಇನ್ನೊಂದು ಕಾರಣವೂ ಇತ್ತು, ಇಷ್ಟು ದಿನ ಯಾರ ಮುಂದೆಯೂ ಹೇಳಿಲ್ಲ. ನನಗೆ ಹೊಟ್ಟೆಕಿಚ್ಚು. ಅವಳ ಕಣ್ಣಿಗೆ ಹನಿ ಹಾಕುವವಳು ನಾನು, ಗದಗಿಗೆ ಬಸ್ಸಿನಲ್ಲಿ ಕೈ ಹಿಡಿದು ದವಾಖಾನೆಗೆ ಕರೆದೊಯ್ಯುವವಳು ನಾನು, ಹರಿದ ಎಳೆಗೆ ಗಂಟು ಹಾಕುವವಳು ನಾನು. ಉಳಿದ ಚೂರು ದೃಷ್ಟಿಯೆಲ್ಲ ಮಾತ್ರ ಅವನಿಗೆ. ಮುಂದೆಯೇ ಕೂತ ನನ್ನ ಮುಖವನ್ನು ಹತ್ತಿರ ಎಳೆದು ನೋಡಬೇಕೆಂದು ಅವಳಿಗೆ ಎಂದೂ ಅನಿಸಲಿಲ್ಲ. ಹೀಗೆ ಆರೆಂಟು ತಿಂಗಳು ಕಳೆದವು. ಅಷ್ಟರಲ್ಲಿ ಇನ್ನೆರಡು ಸಲ ಕೇಳಿದಳು. ಎರಡು ಸಲವೂ ನನ್ನದು ಅದೇ ಉತ್ತರ.

ನಡುವೆ ಒಮ್ಮೆ ನಾನು ಹಿತ್ತಿಲಲ್ಲಿದ್ದಾಗ ಮೊಬೈಲು ಬಡಿದುಕೊಂಡಿತೆಂದು ಅವಸರಕ್ಕೆ ತಾನೇ ವೈರು ಕಿತ್ತಳು. ಪೆಟ್ಟಿಗೆ ಸಾಲು ತಪ್ಪಿ ದಡಿಯ ಹೂವು ನಟ್ಟನಡುವೆ ಸೀಳಿಹೋಯಿತು. ನಾನು ಓಣಿಗೆ ಕೇಳುವಂತೆ ಒದರಾಡಿದೆ. ಅವ್ವ ಕುಣಿಯಲ್ಲಿ ಕೂತು ಸೀಳಿದ ಹೂವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ನಮ್ಮಲ್ಲಿ ಮೊದಲೇ ಒಂದು ನಡಾವಳಿ ಇದೆ. ಸೀರೆ ಅರ್ಧ ಆಗಿರುವಾಗ ಮಗ್ಗದಿಂದ ಏನನ್ನೂ ಬಿಚ್ಚಬಾರದು, ಬಿಚ್ಚಿದರೆ ಆ ಸೀರೆ ಉಡುವವಳ ಬಾಳುವೆ ಅರ್ಧಕ್ಕೆ ನಿಲ್ಲುತ್ತದೆ. ಅವ್ವನಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ನನ್ನ ಮದುವೆಯ ಸೀರೆ ನೇಯುವಾಗ ಯಾರು ಏನು ಬಿಚ್ಚಿದ್ದರೋ! ಅಂದಿನಿಂದ ಅವ್ವನ ಲೆಕ್ಕದಲ್ಲಿ ಆ ನೀಲಿ ವೈರೂ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳಲ್ಲಿ ಒಂದಾಯಿತು. ನಾನು ಕಿತ್ತರೆ ನಡೆಯುತ್ತಿತ್ತು. ತಾನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ರವಿವಾರ ನಾನು ರೋಣದಲ್ಲಿದ್ದೆ. ಝೆರಾಕ್ಸ್ ಅಂಗಡಿಯವರ ಮಗಳ ಮದುವೆ. ಊಟಕ್ಕೆ ಕೂತಾಗಲೇ ತಮ್ಮನ ಮಿಸ್ಡ್ ಕಾಲ್ ಬಂತು. ಅಂದು ಬೇಗನೆ ಕೊಟ್ಟಿದ್ದ. ನಾನು ಕಾಕಿಗೆ ಫೋನ್ ಮಾಡಿ, ನೀಲಿ ವೈರು ಕೀಳಲು ಅವ್ವನಿಗೆ ಹೇಳಿರಿ, ಕರೆ ಬಂದಾಗ ಹಸಿರು ಗುಂಡಿ ಒತ್ತಿರಿ ಎಂದೆ. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಮಾಡಿದರು.

‘ಯವ್ವಾ, ನಿಮ್ಮವ್ವ ಒಲ್ಲೆ ಅಂತಾಳ. ಸೀರಿ ಅರ್ಧ ಆಗೇತಿ, ಮಗ್ಗದ್ದು ಏನೂ ಕೀಳಬಾರದು ಅಂತಾಳ. ನಾನೂ ಮುಟ್ಟಲಿಲ್ಲವಾ, ನಮ್ಮ ಕೈಲೆ ಯಾಕ ಬೇಕು?’

‘ಆಕಿಗೆ ಫೋನ ಕೊಡ್ರಿ ಕಾಕಿ.’

ಅವ್ವನ ದನಿ ಬಂತು. ‘ನೀ ಬಂದ ಮ್ಯಾಲ ನೀನ ಕೀಳು. ಹೋದ ಸರ್ತಿ ಹೂವ ಹಾಳಾತು, ಎಷ್ಟ ಬೈದಿ. ಅವ ಕಾಯ್ತಾನ ಬಿಡು. ಲಗೂನ ಬಾ.’

ನಾನು ಲಗೂನೆ ಹೋಗಲಿಲ್ಲ. ಮೊದಲ ಬಸ್ಸು ತುಂಬಿತ್ತು, ಎರಡನೆಯದಕ್ಕೆ ಕಾದೆ. ಖರೆ ಹೇಳಬೇಕೆಂದರೆ ತುಂಬಿದ ಬಸ್ಸಿನಲ್ಲಿಯೂ ನಿಂತು ಹೋಗಬಹುದಿತ್ತು. ಹೇಳಿದ ಮಾತು ಕೇಳಲಿಲ್ಲವಲ್ಲ, ಕಾಯಲಿ ಎನ್ನಿಸಿತು. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ತಮ್ಮ ಕಾದು ಕಾದು ಊಟಕ್ಕೆ ಹೋಗಿದ್ದ. ‘ಇರಲಿ, ಬರೂ ರವಿವಾರ ನೋಡಿದರಾತು’ ಎಂದಳು ಅವ್ವ.

ಬುಧವಾರ ಬೆಳಿಗ್ಗೆ ಮುಖ ತೊಳೆದುಕೊಂಡು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ‘ಕಣ್ಣಾಗ ಯಾರೋ ಕರೀ ಮಸಿ ಸುರಿದಂಗ ಆಗೇತಿ, ನೋಡು’ ಎಂದಳು. ಕಣ್ಣಿನೊಳಗೆ ರಕ್ತನಾಳ ಒಡೆದಿತ್ತು. ಗದಗಿನಿಂದ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ ನನ್ನನ್ನು ಹೊರಗೆ ಕರೆದರು. ‘ಕಣ್ಣಿನ ಪರದೆ ಕಿತ್ತು ಬಂದೇತಮ್ಮಾ. ಇನ್ನ ಮಾಡೂದು ಏನೂ ಉಳಿದಿಲ್ಲ’ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ ಅವ್ವ ಯಾವ ಊರು ಬಂತೆಂದು ಕೇಳುತ್ತ ಬಂದಳು. ನಾನು ಒಂದೊಂದೇ ಊರಿನ ಹೆಸರು ಹೇಳುತ್ತ ಬಂದೆ.

ಮನೆಗೆ ಬಂದು ಕೂತ ಮೇಲೆ ಅವಳು ಆಡಿದ ಮಾತು ಇದು: ‘ಅವಂಗ ಹೇಳಬ್ಯಾಡ. ಕೆಲಸ ಬಿಟ್ಟು ಬಂದುಬಿಡ್ತಾನ. ಬಂದರೂ ಏನ ಮಾಡ್ತಾನ? ಎದುರಿಗೆ ನಿಂತರ ನನಗ ಕಾಣಂಗಿಲ್ಲ, ನಾ ಕರದರ ಅವಂಗ ಕೇಳಂಗಿಲ್ಲ.’

ಒಂದು ತಿಂಗಳು ಲ್ಯಾಪ್‌ಟಾಪು ಕೆಟ್ಟಿದೆ ಎಂದು ತಮ್ಮನಿಗೆ ಮೆಸೇಜಿನಲ್ಲಿ ಸುಳ್ಳು ಹೇಳಿದೆ. ಮಗ್ಗಕ್ಕೆ ಬಟ್ಟೆ ಹೊದಿಸಿತ್ತು. ಆಮೇಲೆ, ಇನ್ನು ಯಾರು ನೇಯುತ್ತಾರೆ, ಪೆಟ್ಟಿಗೆಯನ್ನು ವ್ಯಾಪಾರಿಗೆ ಹಿಂದಕ್ಕೆ ಕೊಡೋಣ ಎಂದು ನಿಶ್ಚಯಿಸಿದೆ. ಕೊಡುವ ಮೊದಲು ಅದರ ಸಂಪರ್ಕವನ್ನು ಅಳಿಸಲೆಂದು ಒಂದು ರವಿವಾರ ಸೆಟ್ಟಿಂಗು ತೆರೆದೆ. ಎಲ್ಲಿ ಅಳಿಸಬೇಕೆಂದು ಹುಡುಕುತ್ತ ದಾರಿಗಳ ಪುಟಕ್ಕೆ ಹೋದಾಗ ಅಲ್ಲಿ ಒಂದು ಸಣ್ಣ ಚೌಕ ಕಂಡಿತು. ಅದರ ಮುಂದೆ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟೇ: ಈ ಸಂಪರ್ಕವನ್ನು ಅದರದೇ ಜಾಲದ ಕೆಲಸಕ್ಕೆ ಮಾತ್ರ ಬಳಸು. ಎರಡು ಸಲ ಓದಿದೆ. ಟಿಕ್ ಹಾಕಿ, ವೈರು ಕಿತ್ತು ಮತ್ತೆ ಚುಚ್ಚಿದೆ. ಪೆಟ್ಟಿಗೆಯ ದೀಪ ಹತ್ತಿತು. ವೈಫೈಯೂ ಇತ್ತು. ನಾನು ಏನೂ ಮಾಡುವ ಮೊದಲೇ ಲ್ಯಾಪ್‌ಟಾಪು ರಿಂಗಾಗತೊಡಗಿತು. ತಿಂಗಳಿಂದ ತಮ್ಮ ಪ್ರತಿ ರವಿವಾರ ಸುಮ್ಮನೆ ಅದಕ್ಕೂ ಕರೆ ಮಾಡಿ ನೋಡುತ್ತಿದ್ದನಂತೆ.

ಪೆಟ್ಟಿಗೆ ಟಕಟಕ ಎನ್ನುತ್ತಿತ್ತು, ಲ್ಯಾಪ್‌ಟಾಪು ಬಾರಿಸುತ್ತಿತ್ತು. ಅಡುಗೆಮನೆಯಿಂದ ಅವ್ವ ಗೋಡೆ ಹಿಡಿದುಕೊಂಡು ಬಂದಳು.

‘ಎರಡೂ ಕೂಡೇ ನಡದಾವೇನ?’

‘ಹೂಂ ಯವ್ವಾ.’

‘ಹ್ಯಾಂಗ ಆತು?’

‘ಒಂದ ಟಿಕ್ ಹಾಕೂದಿತ್ತು.’

ಅವಳು ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ‘ಚಲೋ ಆತು ಬಿಡು’ ಎಂದಳು. ಸೆರಗು ಸರಿಮಾಡಿಕೊಂಡು, ಮಗ್ಗದ ಮೇಲಿನ ಬಟ್ಟೆ ತೆಗೆ ಎಂದಳು. ಲ್ಯಾಪ್‌ಟಾಪನ್ನು ಕುಣಿಯ ಅಂಚಿಗೆ ಮಣೆಯ ಮೇಲಿಡಿಸಿ, ತಾನು ಕೈಯಾಡಿಸುತ್ತ ಕುಣಿಗೆ ಇಳಿದು ಕೂತಳು. ನಾನು ಹಸಿರು ಗುಂಡಿ ಒತ್ತಿದೆ.

ತಮ್ಮನ ಮುಖ ಪರದೆ ತುಂಬ ಬಂತು. ಅವ್ವ ಹಲಗೆ ಒತ್ತಿದಳು, ಪೆಟ್ಟಿಗೆ ಎಳೆ ಎತ್ತಿತು, ಲಾಳಿ ಹೊಡೆದಳು. ನಲವತ್ತು ವರ್ಷ ಮಾಡಿದ ಕೆಲಸಕ್ಕೆ ಕಣ್ಣು ಬೇಕಾಗಲಿಲ್ಲ. ಅವಳು ನೇಯುವುದನ್ನು ನೋಡಿ ಅವನ ಗಂಟಲಿನಿಂದ ಆ ದನಿ ಬಂತು, ನಗುವಾಗ ಬರುವಂಥದ್ದು. ಅವ್ವ ಥಟ್ಟನೆ ದನಿ ಬಂದ ಕಡೆ ಮುಖ ತಿರುಗಿಸಿ ನಕ್ಕಳು. ಎಷ್ಟೋ ಹೊತ್ತು ಹಾಗೆಯೇ ನೇಯ್ದಳು, ಅವನು ಕೂತು ನೋಡಿದ. ಕೇಳಿದ್ದು ಇಷ್ಟನ್ನೇ ಅಲ್ಲವೇ ಅವಳು. ನಾನು ಪರದೆಯ ಮಗ್ಗುಲಿಗೆ ಕೂತು ನನ್ನನ್ನು ನಾನೇ ಶಪಿಸಿಕೊಂಡೆ.

ಆಮೇಲೆ ಅವ್ವ ಲಾಳಿ ಇಟ್ಟು, ಬೆರಳು ಕೂಡಿಸಿ ಬಾಯಿಯ ಕಡೆ ಒಯ್ದು ಉಂಡೆಯಾ ಎಂದು ಕೇಳಿದಳು. ಅವನ ಕೈ ಆಡಿದವು. ‘ಉಂಡಾನಂತ’ ಎಂದೆ. ಅವನು ಮುಂದುವರಿಸಿದ. ಒಂದು ತಿಂಗಳ ಮಾತು ಒಟ್ಟಿಗೇ ಬರುತ್ತಿತ್ತು. ಮೇಲೆ, ಕೆಳಗೆ, ಅಂಗೈಗೆ ಅಂಗೈ ತಟ್ಟಿ, ನಡುನಡುವೆ ಗಂಟಲ ದನಿ. ನನ್ನ ತಲೆಗೆ ಒಂದೂ ಹತ್ತಲಿಲ್ಲ.

‘ಏನಂತಾನ?’

‘ಕೆಲಸ ಚಲೋ ನಡದೈತಿ ಅಂತಾನ.’

‘ಇಷ್ಟೊತ್ತು ತಟ್ಟಿ ತಟ್ಟಿ ಬರೇ ಇಷ್ಟ ಹೇಳಿದನೇನ? ಸುಳ್ಳ ಹೇಳಬ್ಯಾಡ.’ ಅವಳು ಎರಡೂ ಕೈ ಮುಂದೆ ಚಾಚಿದಳು. ‘ನಿನ್ನ ಕೈ ತಾ ಇಲ್ಲೆ. ಅವ ಹ್ಯಾಂಗ ಮಾಡ್ತಾನ, ಹಂಗ ಮಾಡು. ಅರ್ಥ ನಾ ಹಚ್ಚಕೋತೀನಿ.’

ನನ್ನ ಕೈಗಳ ಮೇಲೆ ತನ್ನ ಕೈ ಹಗುರಾಗಿ ಇಟ್ಟಳು. ನಾನು ಪರದೆ ನೋಡುತ್ತ ಅವನು ಮಾಡಿದಂತೆ ಮಾಡತೊಡಗಿದೆ. ಮೊದಲು ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಅವ್ವ ನಕ್ಕಳು. ‘ಏಳನೇ ಮಾಳಿಗಿಮ್ಯಾಲ ಕಲ್ಲ ಹಾಕಾಕತ್ತಾರಂತ, ಲಿಫ್ಟ ಇಲ್ಲಂತ’ ಎಂದಳು. ನಾನು ಒಂದು ಕೈ ನೆಟ್ಟಗೆ ನಿಲ್ಲಿಸಿ ಬೆರಳು ತಿರುಗಿಸಿದೆ. ‘ಊರಾಗ ಗಾಳಿ ಸುರು ಆತೇನು ಅಂತ ಕೇಳ್ತಾನ’ ಎಂದು, ನನ್ನ ಕೈ ಬಿಟ್ಟು ಅವನಿಗೆ ಉತ್ತರ ಕೊಟ್ಟಳು. ಮತ್ತೆ ನನ್ನ ಕೈ ಹುಡುಕಿ ಹಿಡಿದಳು. ಹತ್ತು ನಿಮಿಷ ಹೀಗೆ ನಡೆಯಿತು. ಅವಳ ಮಗನ ಮಾತು ನನ್ನ ಕೈಯಿಂದ ಅವಳಿಗೆ ಹೋಗುತ್ತಿತ್ತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕಲಿಯದ ಭಾಷೆ ಅದು.

ತಮ್ಮನ ಕೈ ನಿಂತವು. ಅವನು ಅವ್ವನ ಕೈ ನನ್ನ ಕೈಗಳ ಮೇಲಿರುವುದನ್ನು ನೋಡಿದ. ಅವಳ ಮುಖ ತನ್ನ ಕಡೆ ಇಲ್ಲದೆ ಗೋಡೆಯ ಕಡೆ ಇರುವುದನ್ನು ನೋಡಿದ. ಪರದೆಯ ಹತ್ತಿರ ಬಂದ. ಕ್ಯಾಮೆರಾದ ಮುಂದೆ ಅಂಗೈ ಬೀಸಿದ, ಒಮ್ಮೆ, ಇನ್ನೊಮ್ಮೆ. ಅವ್ವನ ರೆಪ್ಪೆ ಅಲುಗಲಿಲ್ಲ. ಅವನು ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

‘ಯಾಕ ನಿಂತಿ? ಏನ ಮಾಡಾಕತ್ತಾನ ಈಗ?’ ಎಂದಳು ಅವ್ವ.

‘ಅವ...’ ಎಂದು ಸುರುಮಾಡಿದೆ.

‘ನೀ ಹೇಳಬ್ಯಾಡ, ಅವ ಮಾಡಿದ್ದು ಮಾಡು ಅಂದೆನಲ್ಲ.’

ತಮ್ಮ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದ. ನಾನೂ ಹಾಗೆಯೇ ಮಾಡಿದೆ. ಎರಡೂ ಕೈ ಮುಖಕ್ಕೆ ಒಯ್ದೆ, ಅವುಗಳ ಮೇಲಿದ್ದ ಅವ್ವನ ಕೈಗಳೂ ಜೊತೆಗೆ ಬಂದವು. ಅವಳ ಬೆರಳು ನನ್ನ ಬೆರಳ ಸಂದಿನಿಂದ ಕೆನ್ನೆಗೆ ತಾಗಿದವು. ಕೆನ್ನೆ ಒದ್ದೆಯಾಗಿತ್ತು.

ಅವ್ವ ಆ ಒದ್ದೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು:

‘ಯಾರು ಅಳಾಕತ್ತೀರಿ? ಅವನೋ, ನೀನೋ?’

‘ಇಬ್ಬರೂ, ಯವ್ವಾ’ ಎಂದೆ.